ಕ್ಯಾಮ್‌ಶಾಫ್ಟ್ ಆಯ್ಕೆ ಮತ್ತು ವಾಲ್ವ್ ತೆರಪು: ಮಂಗಳೂರು ಸೀಮೆಯ ಸಂದರ್ಭದಲ್ಲಿ

ಫೋರ್ ಸ್ಟ್ರೋಕ್ ಎಂಜಿನ್ನಿನ ವಾಲ್ವ್‌ಗಳು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವ ತಿರುಗುದಂಡವೇ ಕ್ಯಾಮ್‌ಶಾಫ್ಟ್. ಇದರ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳಿಗೆ ಲೋಬ್ ಎಂದು ಹೆಸರು. ಕಂಪನಿ ಕೊಟ್ಟ ಕ್ಯಾಮ್ ತೆಗೆದು ಬೇರೆ ಆಕಾರದ ಲೋಬ್‌ಗಳಿರುವ ಕ್ಯಾಮ್ ಕೂರಿಸುವುದು ಎಂಜಿನ್ನಿನ ಶಕ್ತಿ ಹೆಚ್ಚಿಸುವ ಹಳೆಯ ಉಪಾಯಗಳಲ್ಲೊಂದು. ಇಂಥ ಕ್ಯಾಮ್ ಕೂರಿಸುವಾಗ ಎರಡು ಬಗೆಯ ತೆರಪುಗಳನ್ನು ಅಳೆಯಬೇಕಾಗುತ್ತದೆ. ಮೊದಲನೆಯದು ವಾಲ್ವ್‌ನ ಕಡ್ಡಿಗೂ ಅದನ್ನು ಒತ್ತುವ ರಾಕರ್ ಅಥವಾ ಬಕೆಟ್‌ಗೂ ನಡುವಿನ ಕೂದಲೆಳೆಯ ಜಾಗ. ಗ್ಯಾರೇಜುಗಳಲ್ಲಿ ‘ಟ್ಯಾಪೆಟ್ ಗ್ಯಾಪ್’ ಎನ್ನುವುದು ಇದನ್ನೇ. ಎರಡನೆಯದು ತೆರೆದ ವಾಲ್ವ್‌ನ ತಲೆಗೂ ಮೇಲೇರಿ ಬರುವ ಪಿಸ್ಟನ್ನಿಗೂ ನಡುವಿನ ಅಂತರ. ಮೊದಲನೆಯದು ತಪ್ಪಿದರೆ ವಾಲ್ವ್ ನಿಧಾನವಾಗಿ ಸುಡುತ್ತದೆ. ಎರಡನೆಯದು ತಪ್ಪಿದರೆ ಎಂಜಿನ್ ಶುರುವಾದ ಕ್ಷಣದಲ್ಲೇ ವಾಲ್ವ್ ಬಾಗುತ್ತದೆ.

ಹಿನ್ನೆಲೆ

1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ 100 ಕರಾವಳಿಯ ಯುವಕರ ಅಚ್ಚುಮೆಚ್ಚಿನ ಬೈಕ್ ಆಗಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯಂತೆ ಅದೂ ಟೂ ಸ್ಟ್ರೋಕ್. ಅವುಗಳಲ್ಲಿ ಕ್ಯಾಮ್ ಇಲ್ಲ, ರಾಕರ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಪೋರ್ಟ್‌ಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಹಾಗಾಗಿ ಆ ಕಾಲದ ಟ್ಯೂನಿಂಗ್ ಎಂದರೆ ಪೋರ್ಟ್ ಅಗಲಿಸುವುದು, ಸೈಲೆನ್ಸರ್ ಬದಲಿಸುವುದು. ಹೊಗೆಯ ನಿಯಮಗಳು ಬಿಗಿಯಾಗಿ ಟೂ ಸ್ಟ್ರೋಕ್ ಬೈಕುಗಳು ಹಿಂದೆ ಸರಿದ ಮೇಲೆ ವೇಗದ ಹಂಬಲವಿದ್ದವರ ಗಮನ ಫೋರ್ ಸ್ಟ್ರೋಕ್ ಎಂಜಿನ್ನಿನ ಹೆಡ್‌ನತ್ತ ತಿರುಗಿತು.

ಹೊರಜಗತ್ತಿನಲ್ಲಿ ಈ ವಿದ್ಯೆ ಅದಾಗಲೇ ಹಳೆಯದಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ಇಸ್ಕೆಂಡೇರಿಯನ್ ಅಂಥವರು ಹಳೆಯ ಫೋರ್ಡ್ ಕಾರುಗಳಿಗೆ ಕ್ಯಾಮ್ ಅರೆದು ಮಾರುವುದನ್ನೇ ಉದ್ಯಮವಾಗಿ ಬೆಳೆಸಿದರು. 1989ರಲ್ಲಿ ಹೋಂಡಾ ಕಂಪನಿ ಇಂಟೆಗ್ರಾ ಕಾರಿನೊಂದಿಗೆ ವಿಟೆಕ್ ವ್ಯವಸ್ಥೆಯನ್ನು ತಂದಿತು. ಕಡಿಮೆ ಆರ್‌ಪಿಎಂಗೆ ಒಂದು ಆಕಾರದ ಲೋಬ್, ಹೆಚ್ಚಿನ ಆರ್‌ಪಿಎಂಗೆ ಇನ್ನೊಂದು ಲೋಬ್, ಎರಡೂ ಒಂದೇ ದಂಡದ ಮೇಲೆ. ಒಂದೇ ಕ್ಯಾಮ್ ಎಲ್ಲ ವೇಗದಲ್ಲೂ ಸಮಾನವಾಗಿ ಒಳ್ಳೆಯ ಕೆಲಸ ಮಾಡಲಾರದು ಎಂಬುದಕ್ಕೆ ಈ ವ್ಯವಸ್ಥೆಯೇ ಸಾಕ್ಷಿ.

ಕ್ಯಾಮ್‌ನ ಅಳತೆಗಳು

ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ, ಅಂದರೆ 720 ಡಿಗ್ರಿಯಲ್ಲಿ, ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಕ್ಯಾಮ್‌ನ ಲೆಕ್ಕವನ್ನೆಲ್ಲ ಕ್ರ್ಯಾಂಕ್ ಡಿಗ್ರಿಯಲ್ಲೇ ಹೇಳುವುದು ವಾಡಿಕೆ. ಹೋಲಿಕೆಗೆ ಮುಖ್ಯವಾದವು ನಾಲ್ಕು ಅಳತೆಗಳು.

ಲಿಫ್ಟ್ ಎಂದರೆ ವಾಲ್ವ್ ತನ್ನ ಸೀಟಿನಿಂದ ಮೇಲೇಳುವ ಗರಿಷ್ಠ ದೂರ. ರಾಕರ್ ಇರುವ ಎಂಜಿನ್ನಿನಲ್ಲಿ ಲೋಬ್‌ನ ಎತ್ತರವನ್ನು ರಾಕರ್ ಅನುಪಾತದಿಂದ ಗುಣಿಸಿ, ಟ್ಯಾಪೆಟ್ ಗ್ಯಾಪನ್ನು ಕಳೆದರೆ ಇದು ಸಿಗುತ್ತದೆ. ವಾಲ್ವ್ ತನ್ನ ವ್ಯಾಸದ ಕಾಲುಭಾಗದಷ್ಟು ಎದ್ದಾಗ ಅದರ ಸುತ್ತಲಿನ ಕಿಂಡಿಯ ವಿಸ್ತೀರ್ಣವೂ ವಾಲ್ವ್ ವ್ಯಾಸದ ದ್ವಾರದ ವಿಸ್ತೀರ್ಣವೂ ಸಮವಾಗುತ್ತವೆ. ಅದರಾಚೆಗಿನ ಲಿಫ್ಟ್‌ನಿಂದ ಗಾಳಿಯ ಹರಿವಿಗೆ ಸಿಗುವ ಲಾಭ ಬೇಗನೆ ಕುಗ್ಗುತ್ತದೆ.

ಡ್ಯುರೇಶನ್ ಎಂದರೆ ವಾಲ್ವ್ ತೆರೆದಿರುವ ಅವಧಿ. ಇದನ್ನು ಎಲ್ಲಿಂದ ಅಳೆದರು ಎಂದು ಗೊತ್ತಿಲ್ಲದೆ ಎರಡು ಕ್ಯಾಮ್‌ಗಳನ್ನು ಹೋಲಿಸಬಾರದು. ಕೆಲವು ತಯಾರಕರು ವಾಲ್ವ್ ಸೀಟ್ ಬಿಟ್ಟ ಗಳಿಗೆಯಿಂದ ಲೆಕ್ಕ ಹಾಕುತ್ತಾರೆ, ಜಪಾನಿ ಬೈಕುಗಳಿಗೆ ಸಾಮಾನ್ಯವಾಗಿ 1 ಮಿ.ಮೀ. ಲಿಫ್ಟ್‌ನಿಂದ, ಅಮೆರಿಕನ್ನರು 0.050 ಇಂಚಿನಿಂದ. ಒಂದೇ ಕ್ಯಾಮ್ ಮೊದಲ ಲೆಕ್ಕದಲ್ಲಿ 280 ಡಿಗ್ರಿಯೆಂದೂ ಎರಡನೆಯದರಲ್ಲಿ 240ರ ಆಸುಪಾಸೆಂದೂ ಕಾಣಿಸಬಹುದು.

ಲೋಬ್ ಸೆಂಟರ್ ಎಂದರೆ ವಾಲ್ವ್ ಪೂರ್ತಿ ತೆರೆದಿರುವ ಸ್ಥಾನ. ಇನ್ಲೆಟ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ಸೆಂಟರ್‌ಗಳ ಸರಾಸರಿಯೇ ಲೋಬ್ ಸೆಪರೇಶನ್. ಒಂದೇ ಕ್ಯಾಮ್ ಇರುವ ಎಂಜಿನ್ನಿನಲ್ಲಿ ಇದು ದಂಡವನ್ನು ಅರೆಯುವಾಗಲೇ ನಿಶ್ಚಯವಾಗಿರುತ್ತದೆ. ಎರಡು ಕ್ಯಾಮ್ ಇರುವಲ್ಲಿ ಉದ್ದುದ್ದ ತೂತಿನ ಸ್ಪ್ರಾಕೆಟ್ ಹಾಕಿ ಹೊಂದಿಸಿಕೊಳ್ಳಬಹುದು.

ಓವರ್‌ಲ್ಯಾಪ್ ಎಂದರೆ ಎಕ್ಸಾಸ್ಟ್ ಮುಚ್ಚುವ ಮೊದಲೇ ಇನ್ಲೆಟ್ ತೆರೆದು, ಎರಡೂ ಒಟ್ಟಿಗೆ ತೆರೆದಿರುವ ಅವಧಿ. ಲೆಕ್ಕ ಸುಲಭ: ಎರಡೂ ಡ್ಯುರೇಶನ್‌ಗಳ ಸರಾಸರಿಯಿಂದ ಲೋಬ್ ಸೆಪರೇಶನ್ನಿನ ಎರಡರಷ್ಟನ್ನು ಕಳೆಯಬೇಕು. ಇನ್ಲೆಟ್ ಮತ್ತು ಎಕ್ಸಾಸ್ಟ್ ತಲಾ 280 ಡಿಗ್ರಿ, ಸೆಪರೇಶನ್ 108 ಡಿಗ್ರಿಯಾದರೆ ಓವರ್‌ಲ್ಯಾಪ್ 64 ಡಿಗ್ರಿ. ಹೆಚ್ಚಿನ ಆರ್‌ಪಿಎಂನಲ್ಲಿ ಹೊರಹೋಗುವ ಹೊಗೆಯ ಸೆಳೆತ ಹೊಸ ಮಿಶ್ರಣವನ್ನು ಒಳಕ್ಕೆಳೆಯಲು ಇದು ನೆರವಾಗುತ್ತದೆ. ಐಡ್ಲಿಂಗ್‌ನಲ್ಲಾದರೆ ಸುಟ್ಟ ಹೊಗೆ ಇನ್ಲೆಟ್ ಕಡೆಗೆ ನುಗ್ಗಿ ಎಂಜಿನ್ ಕುಂಟುತ್ತದೆ.

ಆಯ್ಕೆಯ ಮಾನದಂಡ

ಕ್ಯಾಮ್ ಆರಿಸುವುದೆಂದರೆ ಎಂಜಿನ್ ಯಾವ ಆರ್‌ಪಿಎಂನಲ್ಲಿ ಚೆನ್ನಾಗಿ ಉಸಿರಾಡಬೇಕು ಎಂಬುದನ್ನು ಆರಿಸುವುದು. ಡ್ಯುರೇಶನ್ ಹೆಚ್ಚಿದಷ್ಟೂ ಶಕ್ತಿಯ ಶಿಖರ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಎಳೆತ ಕುಗ್ಗುತ್ತದೆ. ಇನ್ಲೆಟ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಪಿಸ್ಟನ್ ಮೇಲೇರುವಾಗ ಒಂದಷ್ಟು ಮಿಶ್ರಣ ವಾಪಸ್ ಹೋಗುತ್ತದೆ, ಕಡಿಮೆ ವೇಗದಲ್ಲಿ ಸಿಲಿಂಡರಿನ ಒತ್ತಡ ಇಳಿಯುತ್ತದೆ. ಆ ನಷ್ಟ ತುಂಬಲು ಕಂಪ್ರೆಶನ್ ಅನುಪಾತ ಏರಿಸಬೇಕು. ಹಳೆಯ ಎರಕದ ಸಿಲಿಂಡರಿನ ಬುಲೆಟ್ 350ರಂಥ ಎಂಜಿನ್ನಿಗೆ ಕಾರ್ಬ್ಯುರೇಟರ್, ಸೈಲೆನ್ಸರ್, ಕಂಪ್ರೆಶನ್ ಯಾವುದನ್ನೂ ಮುಟ್ಟದೆ ರೇಸ್ ಕ್ಯಾಮ್ ಮಾತ್ರ ಹಾಕಿದರೆ ಶಕ್ತಿ ಏರುವ ಬದಲು ಇಳಿಯುವುದು ಇದರಿಂದಲೇ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್‌ನ ಆ ಎಂಜಿನ್ ಹುಟ್ಟಿದ್ದೇ ಕೆಳಗಿನ ಆರ್‌ಪಿಎಂನ ಎಳೆತಕ್ಕಾಗಿ.

ಮಂಗಳೂರಿನ ಭೂಗೋಳ ಈ ಆಯ್ಕೆಗೆ ಒಂದು ದಿಕ್ಕು ಕೊಡುತ್ತದೆ. ಊರಿನೊಳಗೆ ಕದ್ರಿ, ಬಿಕರ್ನಕಟ್ಟೆ, ಬಾವುಟಗುಡ್ಡೆಯ ಏರುಗಳು. ಹಂಪನಕಟ್ಟೆ, ನಂತೂರಿನ ದಟ್ಟಣೆ. ಊರು ಬಿಟ್ಟರೆ ಪೂರ್ವಕ್ಕೆ ಚಾರ್ಮಾಡಿ ಮತ್ತು ಶಿರಾಡಿ ಘಾಟಿ, ಉತ್ತರಕ್ಕೆ ಸಾಗಿದರೆ 14 ಹೇರ್‌ಪಿನ್ ತಿರುವುಗಳ ಆಗುಂಬೆ. ಎರಡನೇ, ಮೂರನೇ ಗೇರಿನಲ್ಲಿ ತಿರುವಿನಿಂದ ಎದ್ದು ಬರಬೇಕಾದ ಬೈಕಿಗೆ ಬೇಕಾಗುವುದು ನಡುವಿನ ಆರ್‌ಪಿಎಂನ ಟಾರ್ಕ್. ಇಂಥಲ್ಲಿ ಕಂಪನಿ ಕ್ಯಾಮ್‌ಗಿಂತ ಸ್ವಲ್ಪ ಹೆಚ್ಚು ಲಿಫ್ಟ್, ಐದು ಹತ್ತು ಡಿಗ್ರಿ ಮಾತ್ರ ಹೆಚ್ಚು ಡ್ಯುರೇಶನ್ ಇರುವ ಕ್ಯಾಮ್ ಸಾಕು. ತಮಿಳುನಾಡಿನ ಇರುಂಗಾಟುಕೋಟೈ ಟ್ರ್ಯಾಕಿನ ಉದ್ದನೆಯ ನೇರ ದಾರಿಗೆ ಹೊಂದುವ ಕ್ಯಾಮ್ ಚಾರ್ಮಾಡಿಯ ತಿರುವಿನಲ್ಲಿ ಗೇರ್ ಬದಲಿಸಿ ಬದಲಿಸಿ ಕೈ ಸೋಲಿಸುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು ಸಮುದ್ರಮಟ್ಟದ ಊರು, ಚಿಕ್ಕಮಗಳೂರು ಸುಮಾರು ಸಾವಿರ ಮೀಟರ್ ಮೇಲೆ. ಅಷ್ಟು ಏರಿದಾಗ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಹತ್ತರಲ್ಲೊಂದು ಭಾಗ ಇಳಿಯುತ್ತದೆ, ಶಕ್ತಿಯೂ ಅದೇ ಪ್ರಮಾಣದಲ್ಲಿ. ಕರಾವಳಿಯಲ್ಲಿ ಜೆಟ್ ಹೊಂದಿಸಿದ ಕಾರ್ಬ್ಯುರೇಟರ್ ಮೇಲೆ ಹೋದಂತೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಕಾಫಿ ತೋಟಗಳ ನಡುವಿನ ಮಣ್ಣಿನ ಹಾದಿಗಳಲ್ಲಿ ನಡೆಯುವ ಚಿಕ್ಕಮಗಳೂರಿನ ರ‍್ಯಾಲಿಗಳು ಹೆಸರುವಾಸಿ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ಕಾಫಿ ಡೇ ಇಂಡಿಯಾ ರ‍್ಯಾಲಿ ಎಂಬ ಹೆಸರಿನಲ್ಲಿ ಅಲ್ಲಿ ನಡೆದಿತ್ತು. ಕರಾವಳಿಯಿಂದ ಅಂಥ ಕಣಕ್ಕೆ ಹೋಗುವವರು ಎತ್ತರದ ಈ ವ್ಯತ್ಯಾಸವನ್ನು ಮೊದಲೇ ಗಣಿಸಬೇಕು.

ರ‍್ಯಾಲಿಯಲ್ಲಿ ಬಹುಕಾಲ ಕಾಣಿಸಿಕೊಂಡ ಮಾರುತಿ ಜಿಪ್ಸಿ ಮತ್ತು ಎಸ್ಟೀಮ್ ಕಾರುಗಳ 1,298 ಸಿಸಿ ಎಂಜಿನ್ನುಗಳು ಕ್ಯಾಮ್ ಬದಲಾವಣೆಗೆ ಚೆನ್ನಾಗಿ ಸ್ಪಂದಿಸುವಂಥವು. ಆದರೆ ಸ್ಪರ್ಧೆಯ ಎಲ್ಲ ವರ್ಗಗಳಲ್ಲೂ ಇದಕ್ಕೆ ಅನುಮತಿಯಿಲ್ಲ. ಭಾರತದ ಮೋಟಾರು ಕ್ರೀಡಾ ಒಕ್ಕೂಟದ ನಿಯಮಗಳಲ್ಲಿ ಸ್ಟಾಕ್ ಮತ್ತು ಮಾರ್ಪಡಿಸಿದ ವರ್ಗಗಳು ಬೇರೆ ಬೇರೆ. ಓಟ ಮುಗಿದ ಮೇಲೆ ಪರಿಶೀಲಕರು ಹೆಡ್ ಬಿಚ್ಚಿಸಿ ಲಿಫ್ಟ್ ಅಳೆಯುವುದುಂಟು. ಆದ್ದರಿಂದ ಕ್ಯಾಮ್ ಕೊಳ್ಳುವ ಮೊದಲು ನಿಯಮಪುಸ್ತಕ ನೋಡಬೇಕು.

ನಿಯಮವೇ ಕ್ಯಾಮ್ ಆರಿಸುವ ಇನ್ನೊಂದು ಉದಾಹರಣೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆ. 1960ರಲ್ಲಿ ಕೆಆರ್‌ಇಸಿಯಾಗಿ ಆರಂಭವಾದ ಸುರತ್ಕಲ್‌ನ ಎನ್‌ಐಟಿಕೆ, ಉಡುಪಿ ಜಿಲ್ಲೆಯ ಮಣಿಪಾಲದ ಎಂಐಟಿ ಎರಡರಲ್ಲೂ ವಿದ್ಯಾರ್ಥಿಗಳ ರೇಸಿಂಗ್ ತಂಡಗಳಿವೆ. ಈ ಸ್ಪರ್ಧೆಯ ಪೆಟ್ರೋಲ್ ಕಾರಿನ ಎಂಜಿನ್ 710 ಸಿಸಿ ಮೀರಬಾರದು, ಒಳಹೋಗುವ ಗಾಳಿಯೆಲ್ಲ 20 ಮಿ.ಮೀ. ವ್ಯಾಸದ ಒಂದೇ ಕಂಡಿಯ ಮೂಲಕ ಹಾಯಬೇಕು. ಆ ಕಂಡಿಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಹರಿವು ಹೆಚ್ಚುವುದಿಲ್ಲ. ದೊಡ್ಡ ಎಂಜಿನ್ನಿಗೆ ಹೆಚ್ಚಿನ ಆರ್‌ಪಿಎಂನ ಕ್ಯಾಮ್ ಹಾಕಿದರೂ ಗಾಳಿಯೇ ಸಿಗದು. ಅಂಥಲ್ಲಿ ಡ್ಯುರೇಶನ್ ಮತ್ತು ಓವರ್‌ಲ್ಯಾಪ್ ತಗ್ಗಿಸಿ ನಡುವಿನ ಟಾರ್ಕ್ ಹಿಗ್ಗಿಸಿಕೊಳ್ಳುವುದೇ ಜಾಣತನ. ಭಾರತದ ಹಲವು ತಂಡಗಳು ಬಳಸುವ ಕೆಟಿಎಂ 390ರಂಥ ಒಂಟಿ ಸಿಲಿಂಡರಿನ ಚಿಕ್ಕ ಎಂಜಿನ್ನಿಗೆ ಇದೇ ಕಂಡಿ ಅಷ್ಟಾಗಿ ಅಡ್ಡಿಯಾಗುವುದಿಲ್ಲ.

ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರ

ಪಿಸ್ಟನ್ ಮೇಲ್ತುದಿಯ ಆಸುಪಾಸಿನಲ್ಲಿರುವಾಗಲೇ ಓವರ್‌ಲ್ಯಾಪ್ ನಡೆಯುತ್ತದೆ. ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಬರುವಾಗ ಪಿಸ್ಟನ್ ಅದನ್ನು ಹಿಂಬಾಲಿಸುತ್ತದೆ, ಇನ್ಲೆಟ್ ವಾಲ್ವ್ ತೆರೆಯುತ್ತಾ ಕೆಳಗಿಳಿಯುವ ಪಿಸ್ಟನ್ನನ್ನು ಬೆನ್ನಟ್ಟುತ್ತದೆ. ಇವು ತೀರ ಹತ್ತಿರ ಬರುವುದು ಮೇಲ್ತುದಿಯ ಹಿಂದೆ ಮುಂದೆ ಸುಮಾರು 10ರಿಂದ 15 ಡಿಗ್ರಿಯಲ್ಲಿ. ಸಾಮಾನ್ಯವಾಗಿ ಪಾಲಿಸುವ ಕನಿಷ್ಠ ಅಂತರ ಇನ್ಲೆಟ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ಎಕ್ಸಾಸ್ಟ್ ವಾಲ್ವ್ ಹೆಚ್ಚು ಕಾಯ್ದು ಉದ್ದವಾಗುವುದರಿಂದ, ಸ್ಪ್ರಿಂಗ್ ಸೋತರೆ ಮುಚ್ಚಲು ತಡಮಾಡಿ ಪಿಸ್ಟನ್ನಿಗೆ ಸಿಕ್ಕಿಬೀಳುವುದರಿಂದ ಅದಕ್ಕೆ ಹೆಚ್ಚಿನ ಅವಕಾಶ ಬೇಕು. ಚಿಕ್ಕ ಎಂಜಿನ್ನುಗಳಿಗೆ ಕ್ಯಾಮ್ ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಆ ಅಳತೆಯೇ ಪ್ರಮಾಣ.

ಅಳೆಯುವ ಸರಳ ವಿಧಾನಕ್ಕೆ ಮಕ್ಕಳ ಆಟದ ಕ್ಲೇ ಸಾಕು. ಪಿಸ್ಟನ್ ತಲೆಯ ವಾಲ್ವ್ ಗುಳಿಗಳ ಮೇಲೆ ಸುಮಾರು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕ್ಲೇ ಮೆತ್ತಿ, ವಾಲ್ವ್‌ಗೆ ಅಂಟದಂತೆ ಎಣ್ಣೆ ಸವರಬೇಕು. ಬಳಸಿದ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ, ಬೋಲ್ಟ್‌ಗಳನ್ನು ಹೇಳಿದಷ್ಟು ಟಾರ್ಕ್‌ಗೆ ಬಿಗಿದು, ಟೈಮಿಂಗ್ ಚೈನ್ ಹಾಕಿ, ಟ್ಯಾಪೆಟ್ ಗ್ಯಾಪ್ ಹೊಂದಿಸಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಬೇಕು. ಎಲ್ಲಾದರೂ ತಡೆದಂತಾದರೆ ಬಲವಂತ ಕೂಡದು. ಆಮೇಲೆ ಹೆಡ್ ಬಿಚ್ಚಿ, ವಾಲ್ವ್ ಒತ್ತಿದ ಗುರುತಿನ ನಡುವೆ ಬ್ಲೇಡಿನಿಂದ ಸೀಳಿ, ತೀರ ತೆಳುವಾದ ಜಾಗವನ್ನು ವರ್ನಿಯರ್‌ನಲ್ಲಿ ಅಳೆದರೆ ಅಂತರ ಗೊತ್ತಾಗುತ್ತದೆ. ವಾಲ್ವ್ ತಲೆಯ ನಡುಭಾಗಕ್ಕೆ ಸಾಕಷ್ಟು ಅಂತರವಿದ್ದು ಅಂಚು ಮಾತ್ರ ಗುಳಿಯ ಗೋಡೆಗೆ ತಾಗುವ ಸಂದರ್ಭವೂ ಇದರಲ್ಲಿ ಕಣ್ಣಿಗೆ ಬೀಳುತ್ತದೆ. ವಾಲ್ವ್ ಸ್ಪ್ರಿಂಗ್ ಬದಲಿಗೆ ಮೆತ್ತನೆಯ ಸ್ಪ್ರಿಂಗ್ ಹಾಕಿ ಡಯಲ್ ಗೇಜ್‌ನಿಂದ ಅಳೆಯುವುದು ಇನ್ನೂ ನಿಖರವಾದ ದಾರಿ.

ಇದೇ ಹೊತ್ತಿಗೆ ಸ್ಪ್ರಿಂಗ್‌ನ ಸುರುಳಿಗಳು ಪೂರ್ತಿ ಲಿಫ್ಟ್‌ನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆಯೇ, ಸ್ಪ್ರಿಂಗ್ ಮೇಲಿನ ರಿಟೇನರ್ ಕೆಳಗಿನ ಆಯಿಲ್ ಸೀಲಿಗೆ ಬಡಿಯುತ್ತದೆಯೇ ಎಂದೂ ನೋಡಬೇಕು. ಎರಡೂ ಕಡೆ ಒಂದರಿಂದ ಒಂದೂವರೆ ಮಿ.ಮೀ. ಅವಕಾಶ ಉಳಿದಿರಬೇಕು.

ಕ್ಯಾಮ್‌ನ ಸ್ಥಾನವನ್ನು ಹೊಂದಿಸುವುದು

ಪೆಟ್ಟಿಗೆಯಲ್ಲಿ ಬರೆದ ಅಂಕಿಯೂ ಎಂಜಿನ್ನಿನಲ್ಲಿ ಕೂತ ಕ್ಯಾಮ್‌ನ ಅಂಕಿಯೂ ಒಂದೇ ಆಗಿರಬೇಕೆಂದಿಲ್ಲ. ಹೆಡ್ ಅರೆದರೆ ಅಥವಾ ಚೈನ್ ಸವೆದರೆ ಕೆಲವು ಡಿಗ್ರಿ ಸರಿಯುತ್ತದೆ. ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ, ವಾಲ್ವ್‌ನ ಮೇಲೆ ಡಯಲ್ ಗೇಜ್ ಹಾಕಿ ಇದನ್ನು ಪರೀಕ್ಷಿಸುತ್ತಾರೆ. ಗರಿಷ್ಠ ಲಿಫ್ಟ್‌ಗಿಂತ ಒಂದು ಮಿ.ಮೀ. ಮೊದಲು ಮತ್ತು ಒಂದು ಮಿ.ಮೀ. ನಂತರದ ಡಿಗ್ರಿಗಳನ್ನು ಓದಿ ಸರಾಸರಿ ತೆಗೆಯಬೇಕು. ಮೇಲ್ತುದಿ ದಾಟಿದ ಮೇಲೆ 60 ಮತ್ತು 156 ಡಿಗ್ರಿ ಸಿಕ್ಕಿದರೆ ಇನ್ಲೆಟ್ ಸೆಂಟರ್ 108. ಬೇಗ ತೆರೆಯುವಂತೆ ಕ್ಯಾಮ್ ಮುಂದಕ್ಕೆ ಸರಿಸಿದರೆ ಕೆಳಗಿನ ಎಳೆತ ಹೆಚ್ಚುತ್ತದೆ, ಜೊತೆಗೆ ಇನ್ಲೆಟ್ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ತಡವಾಗಿ ತೆರೆಯುವಂತೆ ಹಿಂದಕ್ಕೆ ಸರಿಸಿದರೆ ಎಕ್ಸಾಸ್ಟ್ ಹತ್ತಿರವಾಗುತ್ತದೆ. ಸ್ಪ್ರಾಕೆಟನ್ನು ಒಂದು ಡಿಗ್ರಿ ಸರಿಸಿದರೆ ಕ್ರ್ಯಾಂಕ್ ಲೆಕ್ಕದಲ್ಲಿ ಎರಡು ಡಿಗ್ರಿ ಎಂಬುದು ಮರೆತುಹೋಗುವ ವಿಷಯ. ಸ್ಥಾನ ಬದಲಿಸಿದ ಮೇಲೆ ಕ್ಲೇ ಪರೀಕ್ಷೆ ಮತ್ತೆ ಮಾಡಬೇಕು.

ಟ್ಯಾಪೆಟ್ ಗ್ಯಾಪ್ ಪರೀಕ್ಷೆ

ಎಂಜಿನ್ ಕಾಯ್ದಾಗ ವಾಲ್ವ್ ಉದ್ದವಾಗುತ್ತದೆ. ತಣ್ಣಗಿರುವಾಗ ಜಾಗ ಬಿಡದಿದ್ದರೆ ಕಾಯ್ದ ಮೇಲೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಶಾಖವನ್ನು ಬಹುಪಾಲು ದಾಟಿಸುವುದು ಸೀಟಿನ ಮೂಲಕವೇ. ಅದು ತಪ್ಪಿದರೆ ಅಂಚು ಸುಟ್ಟು ಕಂಪ್ರೆಶನ್ ಸೋರುತ್ತದೆ. ಗ್ಯಾಪ್ ಹೆಚ್ಚಾದರೆ ‘ಟಕಟಕ’ ಸದ್ದು, ಲಿಫ್ಟ್‌ನಲ್ಲಿ ಕಡಿತ, ಲೋಬ್‌ಗೆ ಪೆಟ್ಟು. ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದಿಲ್ಲದ ಟ್ಯಾಪೆಟ್ ಹೆಚ್ಚು ಅಪಾಯಕಾರಿ. ಸೀಟ್ ಸವೆದು ವಾಲ್ವ್ ಮೇಲಕ್ಕೆ ಸರಿದಂತೆ ಗ್ಯಾಪ್ ಮುಚ್ಚುತ್ತಾ ಹೋಗುತ್ತದೆ, ಕಿವಿಗೆ ಮಾತ್ರ ಎಂಜಿನ್ ನುಣುಪಾದಂತೆ ಕೇಳಿಸುತ್ತದೆ.

ಎರಕದ ಸಿಲಿಂಡರಿನ ಬುಲೆಟ್‌ನಲ್ಲಿ ಈ ಕೆಲಸಕ್ಕೆ ಫೀಲರ್ ಗೇಜ್ ಕೂಡ ಬೇಡ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಲಗಡೆ ಸಿಲಿಂಡರಿನ ಬುಡದಲ್ಲಿರುವ ಚಿಕ್ಕ ಮುಚ್ಚಳದ ಒಂದೇ ನಟ್ ಕಳಚಿದರೆ ಎರಡು ಪುಷ್ ರಾಡ್‌ಗಳ ಕೆಳತುದಿ ಕಾಣುತ್ತದೆ. ಪಿಸ್ಟನ್ ಕಂಪ್ರೆಶನ್‌ನ ಮೇಲ್ತುದಿಯಲ್ಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಆಗ ರಾಡನ್ನು ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. ಲಾಕ್ ನಟ್ ಬಿಗಿಯುವಾಗ ಹೊಂದಿಸಿದ್ದು ತುಸು ಸರಿಯುವುದರಿಂದ ಮತ್ತೊಮ್ಮೆ ತಿರುಗಿಸಿ ನೋಡಬೇಕು. ನಂತರ ಬಂದ ಯುಸಿಇ (ಯೂನಿಟ್ ಕನ್ಸ್ಟ್ರಕ್ಷನ್) ಎಂಜಿನ್ನಿನಲ್ಲಿ ಗ್ಯಾಪನ್ನು ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವುದರಿಂದ ಈ ಕೆಲಸವೇ ಇಲ್ಲ.

ಸ್ಕ್ರೂ ಮತ್ತು ಲಾಕ್ ನಟ್ ಇರುವ ಬೈಕುಗಳಲ್ಲಿ ಫೀಲರ್ ಗೇಜ್‌ನ ಎಲೆ ಸ್ವಲ್ಪ ಹಿಡಿದೆಳೆದಂತೆ ಜಾರಬೇಕು. ಅದಕ್ಕಿಂತ ಒಂದಂಕಿ ಹೆಚ್ಚು ದಪ್ಪದ ಎಲೆ ಒಳಹೋಗಬಾರದು. ಬಕೆಟ್ ಮತ್ತು ಶಿಮ್ (ಗ್ಯಾಪ್ ಹೊಂದಿಸುವ ಬಿಲ್ಲೆ) ಇರುವಲ್ಲಿ ಲೆಕ್ಕ ಹೀಗೆ: ಹಳೆಯ ಶಿಮ್‌ಗೆ ಅಳೆದ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೆಯಬೇಕು. 2.50 ಮಿ.ಮೀ. ಶಿಮ್ ಇದ್ದು ಗ್ಯಾಪ್ 0.10 ಸಿಕ್ಕಿ, ಬೇಕಾದ್ದು 0.15 ಆದರೆ ಹೊಸ ಶಿಮ್ 2.45.

ಕ್ಯಾಮ್ ಬದಲಿಸಿದ ಮೇಲೆ ಕಂಪನಿ ಪುಸ್ತಕದ ಗ್ಯಾಪ್ ನಡೆಯುವುದಿಲ್ಲ. ಪ್ರತಿ ಲೋಬ್‌ನ ಆರಂಭದಲ್ಲಿ ವಾಲ್ವನ್ನು ನಯವಾಗಿ ಎತ್ತುವ ಒಂದು ಇಳಿಜಾರಿರುತ್ತದೆ. ಅದರ ಎತ್ತರಕ್ಕೆ ಹೊಂದುವ ಗ್ಯಾಪನ್ನು ಕ್ಯಾಮ್ ಅರೆದವರೇ ತಮ್ಮ ಕಾರ್ಡಿನಲ್ಲಿ ಬರೆದಿರುತ್ತಾರೆ. ಹಳೆಯ ಕ್ಯಾಮನ್ನೇ ಲೇತ್ ಅಂಗಡಿಯಲ್ಲಿ ಮತ್ತೆ ಅರೆಸಿದ್ದರೆ ಲೋಬ್‌ನ ಬುಡದ ವೃತ್ತ ಚಿಕ್ಕದಾಗಿ ಸ್ಕ್ರೂ ಉದ್ದ ಸಾಲದೆ ಹೋಗಬಹುದು, ಗಟ್ಟಿಗೊಳಿಸಿದ ಮೇಲ್ಪದರವೂ ಹೋಗಿರಬಹುದು. ಕಾಯಿಸಿ ಗಟ್ಟಿ ಮಾಡದ ಲೋಬ್ ಬೇಗ ತಿಂದುಹೋಗುತ್ತದೆ.

ಬಸ್ಸು ಮತ್ತು ಬೋಟು

ಮಂಗಳೂರಿನಲ್ಲಿ ರೇಸಿಂಗ್ ಕ್ಯಾಮ್‌ಗಿಂತ ಟ್ಯಾಪೆಟ್ ಗ್ಯಾಪ್‌ನ ಜ್ಞಾನಕ್ಕೆ ಹೆಚ್ಚು ಗಿರಾಕಿ. ಮೋಟಾರು ಸಾರಿಗೆ ಈ ಊರಿನ ಹಳೆಯ ಉದ್ಯಮ. ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪ್ಸ್ ವಾಹನಗಳ ಲೀಫ್ ಸ್ಪ್ರಿಂಗ್‌ಗೆ ಹೆಸರಾಯಿತು. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರಿಂದ ತಂತ್ರಜ್ಞರನ್ನು ತಯಾರಿಸುತ್ತಿದೆ. ಯೆಯ್ಯಾಡಿ, ಬೈಕಂಪಾಡಿಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ.

ಆರು ಸಿಲಿಂಡರಿನ ಬಸ್ ಡೀಸೆಲ್ ಎಂಜಿನ್ನುಗಳಲ್ಲಿ ಉರಿಯುವ ಸಾಮಾನ್ಯ ಕ್ರಮ 1-5-3-6-2-4. ಟ್ಯಾಪೆಟ್ ಹೊಂದಿಸುವಾಗ ಸಿಲಿಂಡರುಗಳನ್ನು ಜೋಡಿಯಾಗಿ ನೋಡಬೇಕು, ಪ್ರತಿ ಜೋಡಿಯ ಸಂಖ್ಯೆಗಳ ಮೊತ್ತ ಏಳು. ಆರನೇ ಸಿಲಿಂಡರಿನ ಎರಡೂ ವಾಲ್ವ್‌ಗಳು ಒಟ್ಟಿಗೆ ಅಲುಗುವಾಗ, ಅಂದರೆ ಓವರ್‌ಲ್ಯಾಪ್‌ನಲ್ಲಿರುವಾಗ, ಒಂದನೆಯದನ್ನು ಹೊಂದಿಸಬೇಕು. ಎರಡನೆಯದು ಅಲುಗುವಾಗ ಐದನೆಯದು, ನಾಲ್ಕನೆಯದು ಅಲುಗುವಾಗ ಮೂರನೆಯದು. 120 ಡಿಗ್ರಿಗೊಮ್ಮೆ ತಿರುಗಿಸುತ್ತಾ ಹೋದರೆ ಕ್ರ್ಯಾಂಕಿನ ಎರಡು ಸುತ್ತಿನಲ್ಲಿ ಹನ್ನೆರಡೂ ವಾಲ್ವ್ ಮುಗಿಯುತ್ತವೆ.

ಧಕ್ಕೆಯ ಮೀನುಗಾರಿಕಾ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವೇ ಎಂಜಿನ್ ದುರಸ್ತಿಯ ಕಾಲ. ಕಡಲಲ್ಲಿ ಗಂಟೆಗಟ್ಟಲೆ ಒಂದೇ ಭಾರದಲ್ಲಿ ಓಡುವ ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್‌ಗೆ ಶಾಖದ ಹೊರೆ ಹೆಚ್ಚು, ಆದ್ದರಿಂದ ಗ್ಯಾಪ್ ನೋಡದೆ ನೀರಿಗಿಳಿಸುವುದು ಸರಿಯಲ್ಲ. ಮಳೆಗಾಲದಲ್ಲಿ ಒಂದೆರಡು ಕಿ.ಮೀ. ಮಾತ್ರ ಓಡುವ ಬೈಕುಗಳ ಟ್ಯಾಪೆಟ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆಯಂಥ ಬಿಳಿ ಲೇಪ ಕಾಣುವುದುಂಟು. ಎಂಜಿನ್ ಪೂರ್ತಿ ಕಾಯದೆ ತೇವಾಂಶ ಎಣ್ಣೆಯೊಡನೆ ಸೇರಿದ್ದರಿಂದ ಹಾಗಾಗಿರುತ್ತದೆ. ಅಂಥ ಎಣ್ಣೆಯಲ್ಲಿ ಲೋಬ್ ಬೇಗ ಸವೆಯುತ್ತದೆ.

ಮೊದಲ ಓಟ, ಇಂಧನ ಮತ್ತು ಕಾನೂನು

ಚಪ್ಪಟೆ ಟ್ಯಾಪೆಟ್ ಮೇಲೆ ಜಾರುವ ಹೊಸ ಕ್ಯಾಮ್‌ಗೆ ಮಾಲಿಬ್ಡಿನಮ್ ಇರುವ ಅಸೆಂಬ್ಲಿ ಗ್ರೀಸ್ ಸವರಿ, ಶುರುವಾದ ಕೂಡಲೇ ಐಡ್ಲಿಂಗ್‌ಗೆ ಬಿಡದೆ ಸುಮಾರು 2,000 ಆರ್‌ಪಿಎಂ ಮತ್ತು ಅದಕ್ಕಿಂತ ಮೇಲೆ ಇಪ್ಪತ್ತು ನಿಮಿಷ ಓಡಿಸುವುದು ರೂಢಿ. ನಿಧಾನದ ಓಟದಲ್ಲಿ ಲೋಬ್‌ಗೆ ಸಾಕಷ್ಟು ಎಣ್ಣೆ ಚಿಮ್ಮುವುದಿಲ್ಲ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಈ ಹೊತ್ತಿನಲ್ಲಿ ಎದುರಿಗೆ ಫ್ಯಾನ್ ಇಡಬೇಕು. ಮೊದಲ ಕೆಲವು ನೂರು ಕಿ.ಮೀ. ಆದ ಮೇಲೆ ಗ್ಯಾಪ್ ಮತ್ತೆ ನೋಡಬೇಕು. ಪಂಪುಗಳಲ್ಲಿ ಈಗ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್‌ಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಹೊಸ ಕ್ಯಾಮ್‌ಗೆ ಜೆಟ್ ಅಥವಾ ಇಸಿಯು ಮ್ಯಾಪ್ ಹೊಂದಿಸುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಕೆಎ 19 ನೋಂದಣಿಯ ಬೈಕಿಗೆ ಕ್ಯಾಮ್ ಬದಲಿಸಿ ರಸ್ತೆಗಿಳಿಸುವುದು ಬೇರೆಯೇ ಪ್ರಶ್ನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಓವರ್‌ಲ್ಯಾಪ್ ಹೆಚ್ಚಿದ ಎಂಜಿನ್ ಐಡ್ಲಿಂಗ್‌ನಲ್ಲಿ ಸುಡದ ಹೈಡ್ರೋಕಾರ್ಬನ್ ಹೆಚ್ಚು ಉಗುಳುತ್ತದೆ. ಹೊಗೆ ತಪಾಸಣೆ ನಡೆಯುವುದೂ ಐಡ್ಲಿಂಗ್‌ನಲ್ಲೇ. ಹಾಗಾಗಿ ದೊಡ್ಡ ಕ್ಯಾಮ್ ಮುಚ್ಚಿದ ಟ್ರ್ಯಾಕಿಗೆ, ಸಂಘಟಿತ ಸ್ಪರ್ಧೆಗೆ ಸಲ್ಲುವ ವಸ್ತು. ಫೀಲರ್ ಗೇಜ್ ಹಿಡಿಯುವ ಕೈಚಳಕ ಮಾತ್ರ ಪ್ರತಿದಿನ ರಸ್ತೆಗಿಳಿಯುವ ಎಲ್ಲ ವಾಹನಕ್ಕೂ ಬೇಕು.